ನಲವತ್ತರ ನಂತರ ಬರೆದವನು

ಸೋಮವಾರ ಕಂಡರೆ ಹೆದರುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಭಾನುವಾರ ಕಂಡರೆ ಭಯ. ಶನಿವಾರದ ಊಟ ಮುಗಿಯುತ್ತಿದ್ದಂತೆ ಹೊಟ್ಟೆಯೊಳಗೆ ಏನೋ ಗುಡುಗುಡು ಶುರುವಾಗುತ್ತದೆ. ನನ್ನ ಹೆಂಡತಿ ಶಾಂತಾ ಅದಕ್ಕೆ ಬದನೆಕಾಯಿ ಪಲ್ಯವೇ ಕಾರಣ ಎನ್ನುತ್ತಾಳೆ. ಪಾಪ, ಬದನೆಕಾಯಿಯದೇನೂ ತಪ್ಪಿಲ್ಲ. ನಾನು ಹುಟ್ಟಾ ಅಂಜುಬುರುಕ. ಕೊರಿಯರಿನವನು ಸಹಿ ಕೇಳಿದರೆ ಶಾಂತಾಳನ್ನು ಕೂಗುತ್ತೇನೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತುಬಿಟ್ಟರೆ ಕೆಳಗಿನ ಕಂಬಗಳು ಗಟ್ಟಿಯಾಗಿವೆಯೋ ಇಲ್ಲವೋ ಎಂದು ಯೋಚನೆ ಹತ್ತುತ್ತದೆ. ಪೊಲೀಸರು ರಸ್ತೆಯಲ್ಲಿ ಯಾವುದೋ ಸ್ಕೂಟರಿನವನನ್ನು ತಡೆದರೆ ಬಸ್ಸಿನ ಕಿಟಕಿಯಲ್ಲಿ ಕೂತ ನಾನು ಜೇಬು ತಡಕಿಕೊಳ್ಳುತ್ತೇನೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ, ಲೈಸೆನ್ಸೂ ಇಲ್ಲ. ಇಂಥವನು ಒಂದು ಕಾಲದಲ್ಲಿ ಒಂಬತ್ತು ಗೂಢಚಾರಿ ಕಾದಂಬರಿಗಳನ್ನು ಬರೆದಿದ್ದ ಎಂದರೆ ಯಾರೂ ನಂಬುವುದಿಲ್ಲ. ಯಾರೂ ನಂಬದೆ ಇರಲಿ ಎಂದೇ ನಾನೂ ಇಷ್ಟು ದಿನ ದೇವರಿಗೆ ಕೈಮುಗಿಯುತ್ತಿದ್ದೆ.

ವಿಷಯವನ್ನು ಮೊದಲಿನಿಂದ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ಏಜೆಂಟ್ ಶಶಾಂಕ ಎಂಬ ಪತ್ತೇದಾರಿ ಮಾಲೆಯೊಂದು ಬರುತ್ತಿತ್ತು. ಅಂಗೈ ಅಗಲದ ಪುಸ್ತಕ, ಹೊದಿಕೆಯ ಮೇಲೆ ಪಿಸ್ತೂಲು ಹಿಡಿದ ಶಶಾಂಕ, ಅವನ ಕಾಲ ಬಳಿ ಮಿಂಚು ಎಂಬ ಕರಿನಾಯಿ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡರೆ ಊರು ತಲುಪುವಷ್ಟರಲ್ಲಿ ಮುಗಿಯುತ್ತಿತ್ತು. ಗದಗಿನ ಕಡೆಯಿಂದ ಬಂದ ನಾನು ಆಗ ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಮನೆ ಚಿಕ್ಕಬಾಣಾವರದ ರೈಲ್ವೆ ಗೇಟಿನ ಪಕ್ಕ, ಒಂದೇ ಕೋಣೆ. ಮಾಲೆಯ ನಲವತ್ತನೇ ಪುಸ್ತಕ ಅಚ್ಚಾದ ಮೇಲೆ ಮೂಲ ಲೇಖಕರು ತೀರಿಕೊಂಡರು. ಸುದ್ದಿ ಹೊರಗೆ ಗೊತ್ತಾದರೆ ಓದುಗರು ಕೈಬಿಡುತ್ತಾರೆಂದು ಪ್ರೆಸ್ಸಿನ ಯಜಮಾನರು ಬಾಗಿಲು ಹಾಕಿಕೊಂಡು ನನ್ನನ್ನು ಕರೆದು, "ಹಿರೇಮಠ, ನಲವತ್ತೂ ಪುಸ್ತಕಕ್ಕೆ ಪ್ರೂಫ್ ನೋಡಿದೀಯ. ನಲವತ್ತೊಂದನ್ನ ನೀನೇ ಬರಿ," ಅಂದರು. ಆಗುವುದಿಲ್ಲ ಎಂದು ಹೇಳಲು ನನಗೆ ಹೆದರಿಕೆಯಾಯಿತು, ಆದ್ದರಿಂದ ಬರೆದೆ. ಹಾಗೇ ನಲವತ್ತೊಂಬತ್ತರವರೆಗೂ ಬರೆದೆ. ಹೊದಿಕೆಯ ಮೇಲೆ ಹೆಸರು ಹೋದವರದ್ದೇ ಇತ್ತು. ಆಮೇಲೆ ಪ್ರೆಸ್ಸೂ ಮುಚ್ಚಿತು, ನನಗೆ ಒಂದು ಕಾಲೇಜಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಶಶಾಂಕನನ್ನು ನಾನು ಮರೆತೆ.

ನಿವೃತ್ತಿಯಾದ ಮೇಲೆ ವಿದ್ಯಾರಣ್ಯಪುರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ಬೆಳಿಗ್ಗೆ ನಡೆಯುತ್ತಿದ್ದೆ. ಕಲ್ಲುಬೆಂಚಿನ ಮೇಲೆ ಎತ್ತರದ ಆಳೊಬ್ಬರು ಕೂತು, ಪ್ಲಾಸ್ಟಿಕ್ ಕವರಿನಿಂದ ಒಂದು ಪುಟ್ಟ ಪುಸ್ತಕವನ್ನು ಹಸುಗೂಸನ್ನು ಎತ್ತುವ ಹಾಗೆ ಎತ್ತಿಕೊಂಡರು. ನೋಡಿದರೆ ಶಶಾಂಕ, ಮೂವತ್ತೇಳನೆಯದು. ನನಗೆ ತಡೆಯಲಾಗಲಿಲ್ಲ, ಪಕ್ಕದಲ್ಲಿ ಕೂತೇಬಿಟ್ಟೆ. ಅವರು ಡಾಕ್ಟರ್ ಚೆನ್ನಕೇಶವ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೋರಿಗಳ ಮೂಗುದಾರ ಹಿಡಿದು ಹಿಡಿದು ಅವರ ಅಂಗೈ ಮೊರದಷ್ಟಾಗಿದೆ. ಅರ್ಧ ಗಂಟೆ ಮಾತಾಡಿದೆವು. ಅಷ್ಟು ಸುಖವಾಗಿ ನಾನು ಯಾರ ಜೊತೆಗೂ ಮಾತಾಡಿ ವರ್ಷಗಳಾಗಿದ್ದವು. 'ಆಮೇಲಿನದ್ದು ನಾನೇ ಬರೆದದ್ದು ಸಾರ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಪುಸ್ತಕವನ್ನು ಕವರಿಗೆ ಹಾಕುತ್ತಾ, "ನಲವತ್ತರ ತನಕ ಅಸಲಿ ಕಣ್ರೀ. ಆಮೇಲೆ ಯಾವನೋ ಬೇರೆಯವನು ಬರೆದಿದ್ದಾನೆ. ನಲವತ್ತಾರರಲ್ಲಿ ಮಿಂಚುನ ಸಾಯಿಸಿದಾನೆ. ಅವನೊಂದ್ಸಲ ನನ್ ಕೈಗೆ ಸಿಗ್ಬೇಕು, ಸುಮ್ನೆ ಬಿಡಲ್ಲ ಅವನನ್ನ," ಅಂದರು. ನಾನು ಆ ಕೈ ನೋಡಿದೆ, ನಾಲಿಗೆಯ ತುದಿಯ ಮಾತನ್ನು ನುಂಗಿದೆ. ಅದೇ ವಾರದ ಭಾನುವಾರ ನನ್ನನ್ನು ಅವರ ಬಳಗಕ್ಕೆ ಸೇರಿಸಿಕೊಂಡರು.

ಶಶಾಂಕ ಅಭಿಮಾನಿಗಳ ಬಳಗದಲ್ಲಿ ಎಂಟೋ ಒಂಬತ್ತೋ ಜನ ಇದ್ದೇವೆ. ಪ್ರತಿ ಭಾನುವಾರ ಪಾರ್ಕಿನ ಮಂಟಪದಲ್ಲಿ ಸೇರುವುದು, ಆಮೇಲೆ ಎದುರಿನ ದರ್ಶಿನಿಯಲ್ಲಿ ಇಡ್ಲಿ ವಡೆ, ಕಾಫಿ. ಸೇರಿದವರು ಕಥೆಯ ರುಚಿ ಮಾತಾಡುತ್ತಾರೆಂದು ನೀವು ತಿಳಿದರೆ ತಪ್ಪು. ಯಾವ ಪುಸ್ತಕ ಎಷ್ಟನೇ ಮುದ್ರಣ, ಹೊದಿಕೆಯ ಬಣ್ಣ ಯಾವಾಗ ಬದಲಾಯಿತು, ಒಳಪುಟದಲ್ಲಿ ಪ್ರೆಸ್ಸಿನ ವಿಳಾಸ ಯಾಕೆ ಒಂದು ಗೆರೆ ಕೆಳಗೆ ಇಳಿಯಿತು, ಅಲ್ಲಿ ಇಂಥ ಮಾತುಗಳೇ ನಡೆಯುವುದು. ಇದಕ್ಕೆಲ್ಲ ಮುಂದಾಳು ಗೀತಾ ಮೇಡಂ. ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡಿ ನೋಡಿ ಅವರ ಕಣ್ಣು ಹದ್ದಿನದ್ದಾಗಿದೆ. ಭೂತಕನ್ನಡಿ ಇಲ್ಲದೆ ಅವರು ಮನೆ ಬಿಡುವುದಿಲ್ಲ. ಅವರಿಗಿದ್ದ ಒಂದೇ ಕೊರಗು ನಲವತ್ಮೂರನೇ ಪುಸ್ತಕದ ಮೊದಲ ಮುದ್ರಣ. ಯಾರ ಹತ್ತಿರ ನೋಡಿದರೂ 'ಎರಡನೇ ಮುದ್ರಣ' ಎಂದೇ ಇದೆ. ಡಾಕ್ಟರೂ ಮೇಡಮ್ಮೂ ಸೇರಿ ಹಳೇ ಪುಸ್ತಕದ ಅಂಗಡಿಗಳ ಧೂಳನ್ನೆಲ್ಲ ಮೂಗಿಗೆ ಎಳೆದುಕೊಂಡು ಹುಡುಕಿದ್ದಾರೆ, ಅದಕ್ಕಾಗಿ ಡಾಕ್ಟರಿಗೆ ಒಮ್ಮೆ ಉಬ್ಬಸವೂ ಬಂದಿದೆ. ನಿಜ ಏನೆಂದರೆ ಮೊದಲ ಮುದ್ರಣ ಎಂಬುದು ಇರಲೇ ಇಲ್ಲ. ಪುಸ್ತಕ ಭಾರಿ ಖರ್ಚಾಗುತ್ತಿದೆ ಎಂದು ಜನ ತಿಳಿಯಲಿ ಎಂದು ನಮ್ಮ ಯಜಮಾನರು ಮೊದಲನೇ ಸಲವೇ 'ಎರಡನೇ ಮುದ್ರಣ' ಎಂದು ಹಾಕಿಸಿದ್ದರು. ಪ್ರೂಫ್ ನೋಡಿದವನು ನಾನೇ. ಡಾಕ್ಟರು ಕೆಮ್ಮಿದಾಗಲೆಲ್ಲ ನನಗೆ ಎದೆಯಲ್ಲಿ ಚುಚ್ಚುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಬಾಯಿಬಿಟ್ಟರೆ ಅದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ.

ಆ ನಾಯಿಯ ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಪುಸ್ತಕವನ್ನು ಹದಿನಾರು ಪುಟದ ಹಾಳೆಗಳಲ್ಲಿ ಅಚ್ಚು ಹಾಕುತ್ತಿದ್ದರು. ಒಂದು ಹಾಳೆಗೆ ಒಂದು ಫಾರಂ ಎಂದು ಹೆಸರು. ನಮ್ಮ ಪುಸ್ತಕಕ್ಕೆ ಎಂಟು ಫಾರಂ, ನೂರ ಇಪ್ಪತ್ತೆಂಟು ಪುಟ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಲವತ್ತಾರನೆಯದು ನೂರ ಇಪ್ಪತ್ತಾರಕ್ಕೇ ನಿಂತುಬಿಟ್ಟಿತು. ಶಶಾಂಕ ಶತ್ರುಗಳನ್ನೆಲ್ಲ ಹಿಡಿದು ಮನೆಗೆ ಬಂದಾಗಿದೆ, ಹೇಳಲು ಏನೂ ಉಳಿದಿಲ್ಲ. ಆಚೆ ಮಿಷನ್ ಕಾಯುತ್ತಿದೆ, ಯಜಮಾನರು ಬಾಗಿಲಲ್ಲಿ ನಿಂತು, "ಎರಡು ಪುಟ ಏನಾದ್ರೂ ತುಂಬಪ್ಪ," ಅನ್ನುತ್ತಿದ್ದಾರೆ. ಸುತ್ತ ನೋಡಿದೆ, ಕಥೆಯಲ್ಲಿ ಕೈಗೆ ಸಿಕ್ಕಿದ್ದು ಮಿಂಚು ಒಬ್ಬಳೇ. ನಿಂತ ನಿಲುವಿನಲ್ಲೇ ಎರಡು ಪುಟ ಬರೆದು ಅವಳನ್ನು ಕೊಂದುಬಿಟ್ಟೆ. ಬರೆಯುವಾಗ ನಾನೂ ಸ್ವಲ್ಪ ಅತ್ತಿದ್ದು ನೆನಪಿದೆ. ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದ ಮುನಿರಾಜಪ್ಪ ಆ ಎರಡು ಪುಟವನ್ನು ನನ್ನ ಕೈಯಿಂದ ಕಿತ್ತುಕೊಂಡು ಓದುತ್ತಲೇ ಜೋಡಿಸಿದ್ದ.

ಇಷ್ಟು ಪಾಪ ಹೊತ್ತುಕೊಂಡು ನಾನು ಭಾನುವಾರ ಭಾನುವಾರ ಹೋಗಿ ಕೂರುತ್ತಿದ್ದೆ. ಯಾಕೆ ಹೋಗುತ್ತೀಯಪ್ಪ, ಬಿಟ್ಟುಬಿಡು ಎಂದು ನೀವು ಹೇಳಬಹುದು. ಬಿಡಲಾಗಲಿಲ್ಲ. ಕಾಲೇಜಿನ ಗುಮಾಸ್ತನನ್ನು ನಿವೃತ್ತಿಯಾದ ಮೇಲೆ ಯಾರು ಮಾತಾಡಿಸುತ್ತಾರೆ? ಡಾಕ್ಟರು ಮಾತ್ರ ಮಂಟಪಕ್ಕೆ ನಾನು ಬರುವುದು ಕಂಡರೆ ಪಕ್ಕಕ್ಕೆ ಸರಿದು ಜಾಗ ಮಾಡುತ್ತಿದ್ದರು. ಆ ಜಾಗ ಹೋಗಿಬಿಡುತ್ತದೆ ಎಂಬುದೇ ನನ್ನ ಭಯ. ಶಾಂತಾಳಿಗೆ ಇದೆಲ್ಲ ಗೊತ್ತಿತ್ತು. "ನಾಯಿ ಸಾಯ್ಸಿದ್ದಕ್ಕ ಯಾರರ ಪೊಲೀಸ್ ಕಂಪ್ಲೇಂಟ್ ಕೊಡ್ತಾರೇನ್ರಿ? ಅದೂ ಕಾಗದದ ನಾಯಿ. ಹೇಳಿಬಿಡ್ರಿ, ಹೊಟ್ಟಿ ಹಗರ ಆಗ್ತದ," ಅನ್ನುತ್ತಿದ್ದಳು. ನನ್ನ ಹೊಟ್ಟೆಯ ಕಷ್ಟ ಅವಳಿಗೆ ಹೇಗೆ ಗೊತ್ತಾಗಬೇಕು?

ಹೋದ ಶ್ರಾವಣದಲ್ಲಿ ಗೀತಾ ಮೇಡಂ ಒಂದು ನೋಟ್‌ಬುಕ್ ಹಿಡಿದು ಬಂದರು. ನಲವತ್ತರ ನಂತರದ ಒಂಬತ್ತು ಪುಸ್ತಕಗಳನ್ನೂ ಅವರು ಮತ್ತೆ ಓದಿ ಮುಗಿಸಿದ್ದರು. "ಬರ್ಲಿನ್‌ನಲ್ಲಿ ಶತ್ರುನ ಅಟ್ಟಿಸ್ಕೊಂಡು ಹೋಗ್ತಾನೆ, ರೈಲ್ವೆ ಗೇಟ್ ಹಾಕಿರುತ್ತೆ. ಕೈರೋದಲ್ಲಿ ಹೋಗ್ತಾನೆ, ಅಲ್ಲೂ ಗೇಟ್ ಹಾಕಿರುತ್ತೆ. ಹಾಂಗ್‌ಕಾಂಗ್‌ನಲ್ಲೂ ಅಷ್ಟೇ. ಪ್ರತಿ ಸಲಾನೂ ಗೂಡ್ಸ್ ಗಾಡಿ, ಪ್ರತಿ ಸಲಾನೂ ಗೇಟಿನವನು ಬೀಡಿ ಸೇದ್ತಾ ಕೂತಿರ್ತಾನೆ. ಹಾಂಗ್‌ಕಾಂಗ್‌ನಲ್ಲಿ ಬೀಡಿ ಎಲ್ಲಿಂದ ಬಂತು ಸಾರ್?" ಅಂದರು. ನಾನು ಬರ್ಲಿನ್ನನ್ನೂ ಕಂಡವನಲ್ಲ, ಕೈರೋವನ್ನೂ ಕಂಡವನಲ್ಲ. ಕಂಡದ್ದು ಚಿಕ್ಕಬಾಣಾವರದ ಗೇಟು ಒಂದೇ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಕೆಲಸಕ್ಕೆ ತಡವಾಗಿ ಬೈಸಿಕೊಳ್ಳುತ್ತಿದ್ದೆ. ಜಗತ್ತಿನ ಯಾವ ಊರಿಗೆ ಹೋದರೂ ಅವಸರದಲ್ಲಿದ್ದವನನ್ನು ಒಂದು ಗೇಟು ತಡೆಯುತ್ತದೆ ಎಂದೇ ನನಗೆ ಆಗ ಅನ್ನಿಸಿತ್ತು.

"ಹಾಗಾದ್ರೆ ಈ ಮನುಷ್ಯ ಗೇಟಿನ ಪಕ್ಕದಲ್ಲೇ ಬದುಕಿದವನು," ಅಂದರು ಡಾಕ್ಟರು. "ಪ್ರೆಸ್ ಯಶವಂತಪುರದ್ದು. ಅಲ್ಲಿಂದ ಹತ್ರದಲ್ಲಿ ಗೇಟ್ ಎಲ್ಲೆಲ್ಲಿತ್ತು?" ಯಾರೋ ಒಂದೊಂದೇ ಊರಿನ ಹೆಸರು ಹೇಳುತ್ತಾ ಬಂದರು. ಪ್ರತಿ ಹೆಸರಿಗೂ ನನ್ನ ಜೀವ ಒಂದು ಮೆಟ್ಟಿಲು ಇಳಿಯುತ್ತಿತ್ತು. ಕೊನೆಗೆ ಚಿಕ್ಕಬಾಣಾವರ ಬಂತು. ಡಾಕ್ಟರು ನನ್ನ ಕಡೆ ತಿರುಗಿ, "ಹಿರೇಮಠ ಅವ್ರೇ, ನೀವು ಮೊದ್ಲು ಚಿಕ್ಕಬಾಣಾವರದಲ್ಲಿ ಇದ್ರಿ ಅಂದಿದ್ರಲ್ಲ," ಅಂದರು.

"ಇದ್ದೆ ಸಾರ್," ಅಂದೆ.

"ಅಲ್ಲಿ ಬರೆಯೋ ಗೀಚೋ ಅಭ್ಯಾಸ ಇದ್ದೋರು ಯಾರಾದ್ರೂ ಗೊತ್ತಿದ್ರಾ?"

ಹೆದರಿದವನ ಬುದ್ಧಿ ಎಷ್ಟು ಚುರುಕು ನೋಡಿ. "ಒಬ್ಬ ಮೇಷ್ಟ್ರಿದ್ರು ಸಾರ್. ಸದಾ ಕಿಟಕಿಯಲ್ಲಿ ಕೂತು ಏನೋ ಬರೀತಿದ್ರು. ಆಮೇಲೆ ಎಲ್ಲಿಗೆ ಹೋದ್ರೋ ತಿಳೀದು," ಅಂದುಬಿಟ್ಟೆ. ಇಲ್ಲದ ಆ ಮೇಷ್ಟ್ರನ್ನು ಬಳಗ ಎರಡು ತಿಂಗಳು ಹುಡುಕಿತು. ಡಾಕ್ಟರು ಸ್ವತಃ ಚಿಕ್ಕಬಾಣಾವರಕ್ಕೆ ಹೋಗಿ ಹಳಬರನ್ನು ವಿಚಾರಿಸಿದರು. ಇಬ್ಬರು ಮುದುಕರು ಆ ಮೇಷ್ಟ್ರನ್ನು ತಾವು ನೋಡಿದ್ದೇವೆ ಎಂದರಂತೆ. ಒಬ್ಬರು ಮೇಷ್ಟ್ರು ಕುಂಟುತ್ತಿದ್ದರು ಎಂದೂ ಸೇರಿಸಿದ್ದರು. ನಾನು ಸೃಷ್ಟಿಸಿದ ಪಾತ್ರಗಳಲ್ಲಿ ಅಷ್ಟು ಜೀವಂತವಾದದ್ದು ಇನ್ನೊಂದಿಲ್ಲ.

ಮೇಷ್ಟ್ರು ಸಿಗಲಿಲ್ಲ, ಸಿಕ್ಕಿದ್ದು ಮುನಿರಾಜಪ್ಪ. ಪ್ರೆಸ್ಸಿದ್ದ ಜಾಗದ ಸುತ್ತಮುತ್ತ ಕೇಳುತ್ತಾ ಹೋಗಿ ಗೀತಾ ಮೇಡಂ ಅವನನ್ನು ಯಲಹಂಕದ ಆಚೆ ಪತ್ತೆಮಾಡಿದರು. ಅವನ ಊರಿನ ರಾಗಿ ಹೊಲವೆಲ್ಲ ಬಡಾವಣೆಯಾಗಿ ಮುನಿರಾಜಪ್ಪ ಈಗ ನಾಲ್ಕು ಮಹಡಿಯ ಮನೆಯ ಯಜಮಾನ. ಮುಂದಿನ ಭಾನುವಾರ ಬಂದು ನಲವತ್ತರ ನಂತರ ಬರೆದವನು ಯಾರೆಂದು ಎಲ್ಲರ ಮುಂದೆ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದ. ವಾಟ್ಸಾಪಿನಲ್ಲಿ ಈ ಸುದ್ದಿ ಓದಿದವನೇ ಫೋನನ್ನು ದಿಂಬಿನ ಕೆಳಗೆ ಬಚ್ಚಿಟ್ಟೆ. ಆ ವಾರ ನನಗೆ ಜ್ವರ ಬರಬೇಕಿತ್ತು. ಬೇಕೆಂದಾಗ ಅದೂ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಕಂಬಳಿ ಹೊದ್ದು ಮಲಗಿದ್ದೆ. ಶಾಂತಾ ಹಣೆ ಮುಟ್ಟಿ ನೋಡಿ, "ಏನೂ ಆಗಿಲ್ಲ, ಏಳ್ರಿ. ನೀವು ಹೋಗದಿದ್ರ ನಿಮ್ಮ ಹಿಂದ ಹೇಳ್ತಾರ. ಮುಂದ ಕುಂತು ಕೇಳೂದು ಛಲೋ," ಅಂದಳು. ಮುಂದೆ ಕುಂತು ಕೇಳುವುದು ಯಾಕೆ ಒಳ್ಳೆಯದೋ ನನಗೆ ಈಗಲೂ ತಿಳಿದಿಲ್ಲ. ಆದರೂ ಎದ್ದು ಹೋದೆ. ಅವಳಿಗೂ ನಾನು ಸ್ವಲ್ಪ ಹೆದರುತ್ತೇನೆ.

ಮಂಟಪದಲ್ಲಿ ಅವತ್ತು ಕುರ್ಚಿ ಹಾಕಿದ್ದರು. ಒಂದು ಶಾಲು, ಒಂದು ಮಲ್ಲಿಗೆ ಹಾರ ತಟ್ಟೆಯಲ್ಲಿದ್ದವು. ಸಾಕ್ಷಿ ಹೇಳಲು ಬಂದವನಿಗೆ ಇಷ್ಟು ಮರ್ಯಾದೆಯಾದರೆ ಅಪರಾಧಿಗೆ ಏನು ಕಾದಿದೆಯೋ ಎಂದುಕೊಂಡು ಕಂಬದ ಹಿಂದೆ ಕೂತೆ. ಬಿಳೀ ಪಂಚೆಯ ಮುನಿರಾಜಪ್ಪ ಸೀಬೆಹಣ್ಣಿನ ಚೀಲದೊಂದಿಗೆ ಬಂದ. ದಪ್ಪಗಾಗಿದ್ದ, ಆದರೆ ಕಣ್ಣು ಹಾಗೇ ಇತ್ತು. ಆ ಕಣ್ಣು ಎಲ್ಲರ ಮೇಲೂ ಹರಿದು ಬಂದು ಕಂಬದ ಹತ್ತಿರ ನಿಂತಿತು. ಗುರುತು ಸಿಕ್ಕಿತ್ತು. ನಾನು ಕೈಮುಗಿದೆ. ನಮಸ್ಕಾರವೋ, ಬೇಡಪ್ಪ ಎಂಬ ಬೇಡಿಕೆಯೋ ನನಗೇ ಗೊತ್ತಿರಲಿಲ್ಲ.

"ಮುನಿರಾಜಪ್ಪನವ್ರೇ, ನೇರವಾಗಿ ಕೇಳ್ತೀನಿ," ಎಂದು ಡಾಕ್ಟರು ಶುರುಮಾಡಿದರು. "ನಲವತ್ತೊಂದರಿಂದ ಬರೆದೋರು ಯಾರು?"

ಮುನಿರಾಜಪ್ಪ ಗಂಟಲು ಸರಿಮಾಡಿಕೊಂಡ. "ಏಳ್ತೀನಿ ಸೋಮಿ. ಇಷ್ಟು ವರ್ಸ ಯಾರೂ ಕೇಳಿರ್ನಿಲ್ಲ, ಅದ್ಕೇ ಏಳಿರ್ನಿಲ್ಲ." ಮತ್ತೆ ನನ್ನ ಕಡೆ ನೋಡಿದ. "ನಾನೇ ಬರ್ದಿದ್ದು."

ನಾನು ಕಂಬವನ್ನು ಹಿಡಿದುಕೊಂಡೆ. ಡಾಕ್ಟರು ಎದ್ದು ನಿಂತು, ಆ ಮೊರದಂಥ ಕೈಗಳನ್ನು ಹಿಂದೆ ಕಟ್ಟಿಕೊಂಡು, ನಿಧಾನವಾಗಿ, "ಮಿಂಚುನ ಯಾಕೆ ಸಾಯ್ಸಿದ್ರಿ?" ಎಂದು ಕೇಳಿದರು.

"ಎಲ್ಡು ಪುಟ ಕಾಲಿ ಉಳ್ದಿತ್ತು ಸೋಮಿ. ಮಿಸನ್ನು ಕಾಯ್ತಿತ್ತು," ಅಂದ ಮುನಿರಾಜಪ್ಪ, ಇದ್ದದ್ದನ್ನು ಇದ್ದ ಹಾಗೆ.

ಈಗ ಹೊಡೆಯುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಏಟಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಡಾಕ್ಟರು ಮುನಿರಾಜಪ್ಪನ ಎರಡೂ ಕೈ ಹಿಡಿದುಕೊಂಡಿದ್ದರು. "ಎರಡು ಪುಟ ತುಂಬಕ್ಕೆ ಬರೆದದ್ದಾ ಅದು?" ಎಂದು ಅವರು ಕಣ್ಣು ತುಂಬಿಕೊಂಡು ಕೇಳಿದರು. "ನಾಯಿ ಸಾಯೋ ಹೊತ್ತಿಗೆ ಅದನ್ನ ಸಾಕಿದೋರಿಗೆ ಏನ್ ಹೇಳ್ಬೇಕು ಅನ್ನೋದು ನಮ್ ಯಾವ ಪಾಠದಲ್ಲೂ ಇರ್ಲಿಲ್ಲ. ನಾನು ಆ ಎರಡು ಪುಟ ಜೆರಾಕ್ಸ್ ಮಾಡಿಸಿ ಪ್ರತಿ ವರ್ಷ ಕ್ಲಾಸಿನಲ್ಲಿ ಓದಿಸ್ತಿದ್ದೆ. ನಮ್ ಮನೆ ನಾಯಿ ಹೋದಾಗ ನನ್ ಹೆಂಡ್ತಿಗೂ ಅದನ್ನೇ ಓದಿ ಹೇಳ್ದೆ. ಬರೆದವನು ಸಿಕ್ಕಿದ್ರೆ ಸುಮ್ನೆ ಬಿಡಲ್ಲ ಅಂತ ಎಲ್ರಿಗೂ ಹೇಳಿದ್ದೆ. ಬಿಡಲ್ಲ ನೋಡಿ, ಮನೆಗೆ ಬಂದು ಊಟ ಮಾಡ್ಕೊಂಡೇ ಹೋಗ್ಬೇಕು." ಹಾಗಂದು ಶಾಲು ಹೊದಿಸಿ ಹಾರ ಹಾಕಿದರು. ಗೀತಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನೂ ಅತ್ತೆ. ನನ್ನ ಅಳುವಿಗೆ ಕಾರಣ ಬೇರೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಬರಬೇಕಾದ ಆ ಮಲ್ಲಿಗೆ ಹಾರದ ವಾಸನೆ ಕಂಬದ ಹಿಂದಿನವರೆಗೂ ಬರುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು. ಅಷ್ಟರಲ್ಲಿ ಡಾಕ್ಟರು, "ಹಿರೇಮಠ ಅವ್ರು ವಂದನಾರ್ಪಣೆ ಮಾಡ್ಬೇಕು," ಅಂದರು. ಮಾಡಿದೆ. ನಲವತ್ತರ ನಂತರದ ಲೇಖಕರಿಗೆ ಬಳಗದ ಪರವಾಗಿ ಅನಂತ ವಂದನೆಗಳನ್ನು ಸಲ್ಲಿಸಿದೆ.

ಸ್ಕೂಟರಿನವರೆಗೆ ಬೀಳ್ಕೊಡುವ ನೆಪದಲ್ಲಿ ಅವನನ್ನು ಬೇರೆ ಕರೆದುಕೊಂಡು ಹೋಗಿ, "ಏನ್ ಮಾಡಿಬಿಟ್ರಿ ಮುನಿರಾಜಪ್ಪ?" ಅಂದೆ.

"ನಿಮ್ ಮಕ ನೋಡ್ದೆ ಸಾ. ಬಲಿ ಕೊಡೋ ಕುರಿ ಇದ್ದಂಗೆ ಇತ್ತು. ನಿಮ್ ಎಸ್ರು ಏಳುದ್ರೆ ಅಲ್ಲೇ ಪ್ರಾಣ ಬುಡ್ತೀರಾ ಅನ್ನುಸ್ತು, ಅದ್ಕೇ ನನ್ ತಲೆ ಮೇಲೆ ಆಕ್ಕೊಂಡೆ. ಇಂಗೆ ಆರ ಆಕ್ತಾರೆ ಅಂತ ನಂಗೇನ್ ಗೊತ್ತು?" ಅಂದ. ಹೇಳುತ್ತಲೇ ಹಾರವನ್ನು ಮಡಚಿ ಜೋಪಾನವಾಗಿ ಡಿಕ್ಕಿಯೊಳಗೆ ಇಟ್ಟ. ನನಗೆ ಕೊಡುತ್ತಾನೇನೋ ಎಂದು ಒಂದು ಕ್ಷಣ ನೋಡಿದೆ, ಕೊಡಲಿಲ್ಲ.

ಈಗಲಾದರೂ ನಿಜ ಹೇಳಿಬಿಡಬಹುದಿತ್ತು, ಒಪ್ಪುತ್ತೇನೆ. ಆದರೆ ಹೇಳಿದರೆ ಮುನಿರಾಜಪ್ಪ ಸುಳ್ಳುಗಾರನಾಗುತ್ತಾನೆ, ಡಾಕ್ಟರ ಕಣ್ಣೀರಿಗೆ ಅವಮಾನವಾಗುತ್ತದೆ, ಅವರ ಪಕ್ಕದ ನನ್ನ ಜಾಗ ಮೊದಲೇ ಹೋಗುತ್ತದೆ. ಮೊದಲಿನ ಭಯ ಹೋಗಿ ಅದೇ ಅಳತೆಯ ಇನ್ನೊಂದು ಭಯ ಬಂದು ಕೂತಿತು. ಇಷ್ಟಕ್ಕೇ ಮುಗಿಯಲಿಲ್ಲ. ಮಾಲೆ ನಲವತ್ತೊಂಬತ್ತಕ್ಕೆ ನಿಂತಿತ್ತಲ್ಲ, ಐವತ್ತನೆಯದನ್ನು ಬರೆದುಕೊಡಲೇಬೇಕೆಂದು ಬಳಗ ಮುನಿರಾಜಪ್ಪನ ಬೆನ್ನು ಹತ್ತಿತು. ಒಂದು ವಾರ ತಪ್ಪಿಸಿಕೊಂಡು ತಿರುಗಿ ಅವನು ನನಗೆ ಫೋನ್ ಮಾಡಿ, "ಸಾ, ಬಾಡಿಗೆ ಚೀಟಿ ಬುಟ್ರೆ ನಾನೇನೂ ಬರ್ದೋನಲ್ಲ. ನೀವೇ ಕಾಪಾಡ್ಬೇಕು," ಅಂದ. ಹೀಗೆ ನಾನು ಮುನಿರಾಜಪ್ಪನ ಹೆಸರಿನಲ್ಲಿ, ತೀರಿಹೋದವರ ಶಶಾಂಕನನ್ನು, ಮತ್ತೆ ಬರೆಯಲು ಕೂತೆ. ಇಪ್ಪತ್ತು ದಿನ ಮಧ್ಯಾಹ್ನ ನಿದ್ದೆ ಬಿಟ್ಟು ಮೊದಲ ಅಧ್ಯಾಯ ಮುಗಿಸಿದೆ. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ ಎಂದು ನನಗನ್ನಿಸಿತು. ಮುನಿರಾಜಪ್ಪ ಅದನ್ನು ತನ್ನ ಕೈಯಲ್ಲಿ ನಕಲು ಮಾಡಿ ಡಾಕ್ಟರಿಗೆ ಕಳಿಸಿದ.

ಮೊನ್ನೆ ಭಾನುವಾರ ಡಾಕ್ಟರು ಅದನ್ನು ಮಂಟಪದಲ್ಲಿ ಗಟ್ಟಿಯಾಗಿ ಓದಿದರು. ಮುನಿರಾಜಪ್ಪ ಬಂದಿರಲಿಲ್ಲ, ಮೊಮ್ಮಗನ ನಾಮಕರಣವಿತ್ತು. ಓದು ಮುಗಿದ ಮೇಲೆ ಡಾಕ್ಟರು ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ, "ಇದು ಅವನ ಕೈ ಅಲ್ಲ ಕಣ್ರೀ," ಅಂದರು. "ಅವನು ಬರೆದದ್ರಲ್ಲಿ ಬೇಕಾದಷ್ಟು ತಪ್ಪಿತ್ತು. ಆದ್ರೆ ಹೆದರಿಕೆ ಅನ್ನೋದೇ ಇರ್ಲಿಲ್ಲ. ನಾಯಿ ಸಾಯ್ಬೇಕು ಅಂದ್ರೆ ಸಾಯ್ಸಿಬಿಡೋನು. ಇದನ್ನ ಬರೆದೋನು ಒಂದೊಂದು ಸಾಲಿಗೂ ಹಿಂದೆ ತಿರುಗಿ ನೋಡ್ತಾನೆ. ಮುನಿರಾಜಪ್ಪ ಬೇರೆ ಯಾರ ಕೈಲೋ ಬರೆಸಿದಾನೆ. ಯಾವನೋ ಪುಕ್ಕಲನ ಕೈಲಿ."

ಗೀತಾ ಮೇಡಂ ಭೂತಕನ್ನಡಿ ಹೊರಗೆ ತೆಗೆದರು. ಆ ಪುಕ್ಕಲ ಯಾರೆಂದು ಪತ್ತೆಮಾಡಲು ಮೂವರ ಸಮಿತಿಯಾಗಲಿ ಎಂದು ಡಾಕ್ಟರು ಸೂಚಿಸಿದರು. ತಾವು, ಮೇಡಂ, ಜೊತೆಗೆ ಹಿರೇಮಠ ಅವರು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು. ನಾನೂ ಎತ್ತಿದೆ, ಎಲ್ಲರಿಗಿಂತ ಮೊದಲು.